ಮನೆಯ ಲೇತು: ಹಣ ಕೊಡುವ ಮೊದಲು

ಪಾಣೆಮಂಗಳೂರಿನ ಓದುಗ ಬಂಧುಗಳೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಐ.ಟಿ.ಐ.ಯಲ್ಲಿ ಟರ್ನರ್ ತರಬೇತಿ ಮುಗಿಸಿದ ಅವರ ಮಗ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಚಿಕ್ಕದೊಂದು ಲೇತು ಇಡಬೇಕೆಂದು ಹಟ ಹಿಡಿದಿದ್ದಾನೆ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಬುಷ್, ಪಿನ್ನುಗಳನ್ನು ತಾನೇ ಕಡೆಯುವ ಆಸೆ ಅವನದು. ಈ ವರ್ಷದ ಅಡಿಕೆಯ ಹಣವೆಲ್ಲ ಅದಕ್ಕೇ ಹೋಗುವುದರಿಂದ ತಂದೆಗೆ ಅಳುಕು. ಮೇಜಿನ ಮೇಲೆ ಕೂರುವ ಹೊಸ ಚೀನೀ ಲೇತೋ, ಹಳೆಯ ಭಾರದ ಲೇತೋ ಎಂಬುದು ಅವರ ಪ್ರಶ್ನೆ.

ಬೆಡ್ ಸವೆಯದಿದ್ದರೆ ಹಳೆಯದೇ ಲೇಸು ಎಂಬುದು ನನ್ನ ಅಭಿಪ್ರಾಯ. ಮೇಜಿನ ಲೇತು ಸುಮಾರು 40 ಕಿಲೋ ತೂಗಿದರೆ ನಾಲ್ಕೂವರೆ ಅಡಿಯ ಲೇತು ನೂರಾರು ಕಿಲೋ ತೂಗುತ್ತದೆ. ಉಕ್ಕನ್ನು ಕಡೆಯುವಾಗ, ವಿಶೇಷವಾಗಿ ತುಂಡರಿಸುವಾಗ, ಟೂಲು ನಡುಗದಂತೆ ಹಿಡಿಯುವುದು ಈ ತೂಕವೇ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋಗಿದೆ; ಅದರ ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ. ಬಟಾಲ, ರಾಜಕೋಟೆಗಳ ಚಿಕ್ಕ ಲೇತುಗಳೂ ಹಳೆಯ ಯಂತ್ರಗಳ ಪೇಟೆಯಲ್ಲಿ ದೊರೆಯುತ್ತವೆ.

ಆದರೆ ಹೊಸ ಬಣ್ಣಕ್ಕೆ ಮರುಳಾಗಬಾರದು. ಹಿಂದೊಮ್ಮೆ ನಾನೇ ಮರುಳಾದೆ. ಬೆಡ್ ಹೆಚ್ಚು ಸವೆಯುವುದು ಚಕ್ಕಿನ ಸಮೀಪದಲ್ಲಿ. ಕ್ಯಾರೇಜನ್ನು ಅಲ್ಲಿಗೆ ತಂದು, ಅದರ ಲಾಕನ್ನು ತುಸುವೇ ಬಿಗಿ ಮಾಡಿ, ನಿಧಾನವಾಗಿ ಟೈಲ್‌ಸ್ಟಾಕಿನತ್ತ ತಿರುಗಿಸಿಕೊಂಡು ಹೋಗಬೇಕು. ನಡುವೆಯೇ ಕಚ್ಚಿ ನಿಂತರೆ ಸವೆತ ಬಹಳವಿದೆಯೆಂದು ತಿಳಿಯಿರಿ. ಅನಂತರ 25 ಮಿ.ಮೀ. ದಪ್ಪದ ಸರಳನ್ನು ಚಕ್ಕಿನಿಂದ 100 ಮಿ.ಮೀ. ಹೊರಗಿರುವಂತೆ ಹಿಡಿಸಿ, ಎರಡು ಕಡೆ ಒಂದೇ ಅಳತೆಗೆ ಹಗುರವಾಗಿ ಕಡೆದು, ಮೈಕ್ರೋಮೀಟರಿನಲ್ಲಿ ನೋಡಿ. ವ್ಯತ್ಯಾಸ 0.03 ಮಿ.ಮೀ. ಒಳಗಿದ್ದರೆ ಮನೆಯ ಕೆಲಸಕ್ಕೆ ಧಾರಾಳ. ಹೆಚ್ಚಿದ್ದರೆ ಒಡನೆಯೇ ತಿರಸ್ಕರಿಸಬೇಡಿ; ಯಂತ್ರ ಮಟ್ಟಸವಾಗಿ ಕೂರದಿದ್ದರೂ ಹೀಗಾಗುವುದುಂಟು.

ಕ್ರಾಸ್‌ಸ್ಲೈಡಿನ ಹಿಡಿಕೆ ಕಾಲು ಸುತ್ತು ಸಡಿಲವಿದ್ದರೆ ಹೆದರಬೇಕಿಲ್ಲ, ಸಾಮಾನ್ಯವಾಗಿ ಒಳಗಿನ ನಟ್ಟು ಬದಲಿಸಿದರೆ ಸರಿಹೋದೀತು. ಮರೆ ಕಡೆಯಲು ಬೇಕಾದ ಗೇರುಗಳ ಜೊತೆಯನ್ನೂ ನಾಲ್ಕು ದವಡೆಯ ಚಕ್ಕನ್ನೂ ಮಾತ್ರ ಬಿಡದೆ ಕೇಳಿ ಪಡೆಯಿರಿ. ಹಣದ ಮೂರನೆಯ ಒಂದು ಪಾಲು ಟೂಲು, ಅಳತೆಯ ಉಪಕರಣಗಳಿಗೆ ಉಳಿದಿರಲಿ. ಹಳೆಯ ಲೇತಿನ ಮೋಟಾರು ಸಾಮಾನ್ಯವಾಗಿ ತ್ರೀಫೇಸಿನದು. ಮನೆಯಲ್ಲಿರುವುದು ಸಿಂಗಲ್‌ಫೇಸ್ ಆದರೆ ಮೋಟಾರು ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಸ್ಥಳದ ವಿಚಾರ. ನೇತ್ರಾವತಿಯ 1923ರ ಮತ್ತು 1974ರ ನೆರೆಗಳ ಕಥೆಯನ್ನು ತಮಗೆ ನಾನು ಹೇಳಬೇಕಾಗಿಲ್ಲ. ಕೊಟ್ಟಿಗೆ ತಗ್ಗಿನಲ್ಲಿದ್ದರೆ ಲೇತು ಅಲ್ಲಿ ಬೇಡ; ನೂರಾರು ಕಿಲೋ ಕಬ್ಬಿಣವನ್ನು ನೆರೆಯ ರಾತ್ರಿ ಎತ್ತಿಡುವವರು ಯಾರು? ಎತ್ತರದ ಜಾಗದಲ್ಲಿಯೂ ಕರಾವಳಿಯ ನಾಲ್ಕು ತಿಂಗಳ ಮಳೆಗೆ ತುಕ್ಕು ತಪ್ಪದು. ದಿನವೂ ಕೆಲಸ ಮುಗಿದ ಮೇಲೆ ಬೆಡ್ಡಿಗೆ ಎಣ್ಣೆ ಸವರಿ ಹತ್ತಿಯ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಹಿಡಿದಿಡುತ್ತದೆ.

ಮನೆಯವರೆಲ್ಲ ಓದಬೇಕಾದ ಮಾತೊಂದಿದೆ. ಲುಂಗಿಯುಟ್ಟು, ತುಂಬುತೋಳಿನ ಅಂಗಿ ತೊಟ್ಟು ಲೇತಿನ ಮುಂದೆ ನಿಲ್ಲಕೂಡದು. ಕೊರಳ ಶಿವದಾರ, ಕರಡಿಗೆಗಳು ಅಂಗಿಯೊಳಗೆ ಭದ್ರವಾಗಿರಲಿ. ತಿರುಗುವ ಚಕ್ಕಿಗೆ ಸಿಕ್ಕ ದಾರ ಕೊರಳನ್ನೇ ಎಳೆದೊಯ್ಯುತ್ತದೆ. ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಮರೆತು ಸ್ವಿಚ್ಚು ಹಾಕಿದರೆ ಅದು ಗುಂಡಿನಂತೆ ಹಾರುತ್ತದೆ.

ಲೇತು ನೋಡಲು ಹೋಗುವ ದಿನ ಮಗನನ್ನೂ ಕರೆದುಕೊಂಡು ಹೋಗಿ. ಸರಳೂ ಮೈಕ್ರೋಮೀಟರೂ ಅವನ ಚೀಲದಲ್ಲಿರಲಿ, ಮುಂಗಡದ ಹಣ ತಮ್ಮ ಜೇಬಿನಲ್ಲಿಯೇ ಇರಲಿ.