ಮನುಷ್ಯನ ಚರ್ಮಕ್ಕೆ ಇಲಿಯ ಸಾಕ್ಷ್ಯ

1965ರಲ್ಲಿ ಚಾಂಪಿಯನ್ ರೀಫ್ಸ್ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಮೇಲಣ ಬಂಡೆಯು ಇತರ ಕಣಗಳ ಗದ್ದಲವನ್ನು ತಡೆದುದರಿಂದಲೇ ಅದು ಸಾಧ್ಯವಾಯಿತು. ಬೇಡವಾದುದನ್ನು ತೊಲಗಿಸಿ ಬೇಕಾದುದನ್ನು ನೋಡುವುದು ಭೌತವಿಜ್ಞಾನದ ಹಳೆಯ ಉಪಾಯ. ಚರ್ಮದ ಯೀಸ್ಟನ್ನು ಅರಿಯಲು ಅದೊಂದೇ ಸಾಲದೆಂದು ನಮ್ಮ ಅಭಿಪ್ರಾಯ.

ಮಲಸ್ಸೇಜಿಯ ಎಂಬ ಈ ಯೀಸ್ಟ್ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಲಾರದು. ಆದುದರಿಂದ ನಮ್ಮ ಚರ್ಮದ ಜಿಡ್ಡನ್ನುಂಡು ಬಾಳುತ್ತದೆ. ಪ್ರಯೋಗಶಾಲೆಯಲ್ಲಿ ಅದಕ್ಕೆ ಆಲಿವ್ ಎಣ್ಣೆಯಂಥ ಜಿಡ್ಡನ್ನು ಬಡಿಸಬೇಕು. (ಅತಿಥಿಸತ್ಕಾರಕ್ಕೇನೂ ಕೊರತೆಯಿಲ್ಲ!) ಸಾಮಾನ್ಯವಾಗಿ ಇದು ನಿರುಪದ್ರವಿ. ಸೆಕೆ, ಬೆವರು ಹೆಚ್ಚಿದಾಗ ಮಾತ್ರ ಎಳೆಯ ರೂಪ ತಾಳಿ ಸಿಬ್ಬನ್ನುಂಟುಮಾಡುವುದುಂಟು.

ಇದರ ನಡತೆಯನ್ನು ಪರೀಕ್ಷಿಸಲು ಸಂಶೋಧಕರು ಮೇಣದ ಪತಂಗದ ಹುಳುವಿಗೆ ಯೀಸ್ಟನ್ನು ಚುಚ್ಚುತ್ತಾರೆ. ಗಾಜಿನ ಪಾತ್ರೆಯಲ್ಲಿ ಮನುಷ್ಯನ ಚರ್ಮಕೋಶಗಳನ್ನು ಪದರಪದರವಾಗಿ ಬೆಳೆಸುತ್ತಾರೆ. ಇಲಿಯ ಕಿವಿಗೆ ಯೀಸ್ಟನ್ನು ಲೇಪಿಸುತ್ತಾರೆ. ಹುಳುವಿಗೆ ಪ್ರತಿಕಾಯಗಳೇ ಇಲ್ಲ. ಇಲಿಯಿಂದ ದೊಡ್ಡ ಸಂಗತಿಯೊಂದು 2019ರಲ್ಲಿ ತಿಳಿಯಿತು: ಇಂಟರ್‌ಲ್ಯೂಕಿನ್-17 ಎಂಬ ದ್ರವ್ಯವು ಯೀಸ್ಟನ್ನು ಹದ್ದಿನಲ್ಲಿಡುತ್ತದೆ, ಚರ್ಮದ ಹೊರಪದರ ಕೆಟ್ಟಿದ್ದರೆ ಅದೇ ಉರಿಯೂತವನ್ನು ಹೆಚ್ಚಿಸುತ್ತದೆ. ಆದರೆ ಇಲಿಯ ಕಿವಿ ಬೆವರುವುದಿಲ್ಲ. ಅದರ ಬೆವರುಗ್ರಂಥಿಗಳಿರುವುದು ಅಂಗಾಲಿನಲ್ಲಿ.

2001ರಲ್ಲಿ ಮುಚ್ಚಿದ ಆ ಗಣಿಯ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿಯನ್ನೂ ಮೀರಿತ್ತು. ಅಂಥಲ್ಲಿ ದುಡಿಯುವವನ ಚರ್ಮವನ್ನು ಅರಿಯಬೇಕಾದರೆ ಬೆವರನ್ನು ಗದ್ದಲವೆಂದು ತಳ್ಳಿಹಾಕಲಾದೀತೆ? ಪಾತ್ರೆಯ ಚರ್ಮಕ್ಕೆ ಶಾಖ, ಬೆವರು, ನೆರೆಯ ಬ್ಯಾಕ್ಟೀರಿಯಗಳನ್ನು ಒಂದೊಂದಾಗಿ ಮರಳಿಸಿ, ಪ್ರತಿಯೊಂದರ ಪರಿಣಾಮವನ್ನೂ ಅಳೆಯಬೇಕು. ಶಾಖವನ್ನೂ ತೇವವನ್ನೂ ಸ್ಥಿರವಾಗಿರಿಸಿ ಅಳೆಯುವುದು ಭೌತವಿಜ್ಞಾನದ ವಿದ್ಯಾರ್ಥಿಗಳು ಕೈಹಾಕಬಹುದಾದ ಕೆಲಸವೇ ಆಗಿದೆ.