ಅಂಕಗಳ ಕಂಠಹಾರ

ಕೋಟಿಗಳ ಲೆಕ್ಕವು ಸಾಮಾನ್ಯ ಗೃಹಸ್ಥನಿಗೇಕೆಂದು ಕೆಲವರು ಕೇಳುವುದುಂಟು. ದೊಡ್ಡ ಸಂಖ್ಯೆಯು ಧನಲಾಭಕ್ಕೇ ಒದಗಬೇಕೆಂಬ ನಿಯಮವಿಲ್ಲ, ಬುದ್ಧಿಲಾಭಕ್ಕೂ ಒದಗಬಹುದು. ಈ ತಿಂಗಳು ಒಂದೇ ಒಂದು ಸಂಖ್ಯೆಯನ್ನು ತಮ್ಮ ಮುಂದಿಡುತ್ತೇನೆ: ೧೨೩೪೫೬೫೪೩೨೧. ಎಂದರೆ, ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕಗಳ ಕ್ರಮವೊಂದೇ.

ಈ ಸಂಖ್ಯೆ ನಮ್ಮ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಬಂದಿದೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಇದೇ ಫಲವು ದೊರೆಯುವುದು. ಇಂತಹ ಗುಣಲಬ್ಧಗಳನ್ನು ಆಚಾರ್ಯನು ಕಂಠಹಾರಕ್ಕೆ ಹೋಲಿಸಿದ್ದಾನೆ.

ಈ ಹಾರವನ್ನು ಪೋಣಿಸಿದ ದಾರ ಯಾವುದು? ಆರು ಒಂದುಗಳುಳ್ಳ ೧೧೧೧೧೧ನ್ನು ಅದರಿಂದಲೇ ಗುಣಿಸಿರಿ. ಅದೇ ಪಂಕ್ತಿಯನ್ನು ಆರು ಸಾರಿ, ಪ್ರತಿಸಾರಿಯೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಾಗುವುದು. ಆಗ ಬಲತುದಿಯ ಸಾಲಿನಲ್ಲಿ ಒಂದು ಒಂದು, ಮುಂದಿನದರಲ್ಲಿ ಎರಡು, ಹೀಗೆ ನಡುವಿನಲ್ಲಿ ಆರು. ಆ ಬಳಿಕ ಇಳಿಯುತ್ತ ಎಡತುದಿಯಲ್ಲಿ ಮತ್ತೆ ಒಂದು. ಕೂಡಿದರೆ ಹಾರವು ಸಿದ್ಧ. ಅದರ ಅಂಕಗಳ ಮೊತ್ತವು ೩೬. ಅದೂ ಆರರ ವರ್ಗವೇ.

ಇನ್ನು ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳು ದೊರೆಯುವುವು. ಮೊದಲೆರಡರ ಗುಣಲಬ್ಧ ೨೧. ಉಳಿದ ಮೂರರದು ೫೨೯೧. ೨೧ರ ವರ್ಗವೇ ೪೪೧. ೫೨೯೧ರ ವರ್ಗವೇ ೨೭೯೯೪೬೮೧. ಆಚಾರ್ಯನ ಲೆಕ್ಕದ ಗುಟ್ಟು ಇದರಿಂದ ಬಯಲಾಗುವುದು.

ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಹಾರವೂ ಬೆಳೆಯುವುದು. ಒಂಬತ್ತು ಒಂದುಗಳ ವರ್ಗವು ೧೨೩೪೫೬೭೮೯೮೭೬೫೪೩೨೧. ಇಷ್ಟನ್ನು ಕಂಡ ಬಾಲಕನು 'ಇದು ಎಂದೆಂದಿಗೂ ಹೀಗೆಯೇ' ಎಂದು ನಿರ್ಣಯಿಸಿಯಾನು. ಆದರೆ ಹತ್ತು ಒಂದುಗಳ ವರ್ಗವು ೧೨೩೪೫೬೭೯೦೦೯೮೭೬೫೪೩೨೧! ನಡುವಿನ ಸಾಲಿನಲ್ಲಿ ಹತ್ತು ಒಂದುಗಳು ಸೇರಿ ದಶಕವು ಎಡಕ್ಕೆ ಹೋಗುವುದು. ಅಲ್ಲಿದ್ದ ಒಂಬತ್ತೂ ಹತ್ತಾಗಿ ಮತ್ತೊಂದು ದಶಕವನ್ನು ಮುಂದಕ್ಕೆ ಕಳುಹಿಸುವುದು. ಅಲ್ಲಿಗೆ ಹಾರದ ಸಮತೆಯು ಹರಿಯಿತು.

ಒಂಬತ್ತು ಸಾರಿ ಸತ್ಯವಾದುದು ಹತ್ತನೆಯ ಸಾರಿ ಕೈಕೊಟ್ಟಿತು. ಬರಿಯ ರೂಪವನ್ನು ಉರುಹೊಡೆದವನು ಇಲ್ಲಿ ಮುಗ್ಗರಿಸುವನು. ಕಾರಣವನ್ನು ಬಲ್ಲವನು ಎಲ್ಲಿ ಮುರಿಯುವುದೆಂಬುದನ್ನು ಗುಣಿಸುವ ಮೊದಲೇ ಹೇಳಬಲ್ಲನು. ಆದುದರಿಂದ ಮಕ್ಕಳು ಮಗ್ಗಿಯನ್ನು ಒಪ್ಪಿಸಿದೊಡನೆ ತೃಪ್ತರಾಗಬೇಡಿರಿ, 'ಏಕೆ?' ಎಂದು ಒಮ್ಮೆ ಕೇಳಿರಿ. ಅವರೇ ತಮ್ಮನ್ನು ಹಾಗೆ ಕೇಳಿದರೆ ಗದರಿಸದಿರಿ.

ಈ ತಿಂಗಳ ಅಭ್ಯಾಸ: ಆಚಾರ್ಯನು ಕೊಟ್ಟ ಜೋಡಿಯಂತೆಯೇ, ಎರಡು ವರ್ಗಗಳ ಗುಣಲಬ್ಧವಾಗಿ ಈ ಹಾರವನ್ನು ಒಟ್ಟು ಹದಿನಾರು ಬಗೆಯಾಗಿ ಬರೆಯಬಹುದು. ಒಂದರ ವರ್ಗವನ್ನೂ ಲೆಕ್ಕಕ್ಕೆ ಹಿಡಿದು, ಮನೆಯ ಮಕ್ಕಳೊಡನೆ ಉಳಿದ ಹದಿನೈದನ್ನು ಹುಡುಕಿರಿ.