ಕರಾವಳಿಗೆ ಹೋಗಿ ಗದ್ದೆ ನೋಡದೆ ಬರಬೇಡಿ

ಸುಗ್ಗಿ ಮುಗಿದು ಕೈಯಾಗ ನಾಕು ಕಾಸು ಆಡಿದರೆ ನಮ್ಮ ಬಯಲುಸೀಮೆಯ ಊರುಗಳಿಂದ ಗಾಡಿ ಮಾಡಿಕೊಂಡು ಕರಾವಳಿಗೆ ಹೊರಡುವುದು ಈಗ ವಾಡಿಕೆ. ಗೋಕರ್ಣ, ಮಿರ್ಜಾನ ಕೋಟೆ, ಇಡಗುಂಜಿ, ಮುರುಡೇಶ್ವರ, ಎರಡು ದಿನದ ಪ್ರವಾಸ. ಮಹಾಬಲೇಶ್ವರನ ದರ್ಶನ, ಓಂ ಬೀಚಿನಲ್ಲಿ ಸ್ನಾನ, ಮುರುಡೇಶ್ವರದ ಗೋಪುರವನ್ನು ಲಿಫ್ಟಿನಲ್ಲಿ ಹತ್ತಿ 123 ಅಡಿಯ ಶಿವನನ್ನು ನೋಡುವುದು. ಇದರಲ್ಲಿ ತಪ್ಪೇನಿಲ್ಲ. ವರ್ಷವಿಡೀ ಮಣ್ಣಾಗ ದುಡಿಯೋ ಹೆಣ್ಣುಮಕ್ಕಳು ತೆರೆ ನೋಡಿ ಒಮ್ಮೆ ನಕ್ಕರೆ ಗಾಡಿ ಬಾಡಿಗೆ ಬಂದ ಹಾಗೇ.

ನನ್ನ ತಕರಾರು ಬೇರೆ. ರೈತರ ಗುಂಪುಗಳು 'ಅಧ್ಯಯನ ಪ್ರವಾಸ' ಅಂತ ಹೆಸರಿಟ್ಟು ಹೋದಾಗಲೂ ಇದೇ ಪಟ್ಟಿ. ಗೋಕರ್ಣದಿಂದ ಮಿರ್ಜಾನಕ್ಕೆ ಹೋಗುವ ದಾರಿ ಅಘನಾಶಿನಿ ನದಿಯ ಅಳಿವೆಯ ಬದಿಯಲ್ಲೇ ಇದೆ. ನಾವು ಗಾಡಿಯಲ್ಲಿ ಹಾಡು ಹಚ್ಚಿಕೊಂಡು ದಾಟಿಬಿಡುತ್ತೇವೆ.

ಅಲ್ಲಿ ಏನಿದೆ ಅಂತೀರಾ? ಗಜನಿ ಇದೆ. ಭರತ ಬಂದಾಗ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗು ಭೂಮಿಗೆ ಗಜನಿ ಅನ್ನುತ್ತಾರೆ. ಅದಕ್ಕೆ ಏರಿ ಕಟ್ಟಿ, ಏರಿಗೆ ಬಾಗಿಲು ಇಟ್ಟು, ಮಳೆಗಾಲದಲ್ಲಿ ಸಿಹಿನೀರು ಹಿಡಿದು ಭತ್ತ ಬೆಳೆಯುತ್ತಾರೆ. ಆ ಭತ್ತದ ಹೆಸರು ಕಗ್ಗ. ಉಪ್ಪು ತಡೀತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಬದುಕ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಅದರ ಜೊತೆ ಮೀನು, ಸಿಗಡಿ ಬರುತ್ತವೆ. ಕೊಳೆತ ಹುಲ್ಲೇ ಅವಕ್ಕೆ ಮೇವು. ಒಂದೇ ಭೂಮಿ, ಮಳೆಗಾಲದಲ್ಲಿ ಅನ್ನ, ಬೇಸಿಗೆಯಲ್ಲಿ ಮೀನು.

ಒಣಬೇಸಾಯದವರಿಗೆ ಭತ್ತದ ಗದ್ದೆ ಯಾಕೆ ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ ನಮಗೇ ಅದು ಹೆಚ್ಚು ಬೇಕು. ನಮಗೆ ನೀರಿಲ್ಲದ ಕಷ್ಟ, ಅವರಿಗೆ ಕೆಟ್ಟ ನೀರಿನ ಕಷ್ಟ. ಇಬ್ಬರ ಹಿರಿಯರೂ ಭೂಮಿಯನ್ನು ಬದಲಿಸುವ ಬದಲು ಆ ಭೂಮಿಗೆ ಒಗ್ಗುವ ಬೀಜ ಹಿಡಿದರು. ನಮ್ಮಲ್ಲಿ ನವಣೆ, ಸಾವೆ, ಹಿಂಗಾರಿ ಜೋಳ, ಅಲ್ಲಿ ಕಗ್ಗ. ನಾವು ನವಣೆ ಬಿಟ್ಟ ಹಾಗೆಯೇ ಅವರೂ ಕಗ್ಗ ಬಿಡುತ್ತಿದ್ದಾರೆ. ಕಾರಣವೂ ಹೆಚ್ಚುಕಡಿಮೆ ಒಂದೇ: ಇಳುವರಿ ಕಡಿಮೆ, ಕೆಂಪಕ್ಕಿಗೆ ಬೆಲೆ ಇಲ್ಲ, ಕೆಸರಿಗೆ ಇಳಿಯುವ ಕೈಗಳಿಲ್ಲ. ಅದರ ಮೇಲೆ ಸಿಗಡಿ ಹೊಂಡದ ಆಸೆ. ಸಿಗಡಿಗೆ ಉಪ್ಪುನೀರು ನಿಲ್ಲಿಸಿದರೆ ಪಕ್ಕದವನ ಭತ್ತ ಹೋಯಿತು. ಕರಾವಳಿಯ ಸಿಗಡಿ ಹೊಂಡಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 1996ರ ಡಿಸೆಂಬರಿನಲ್ಲಿ ತೀರ್ಪು ಬಂತು, ಗೊತ್ತಿರಬಹುದು. ಇನ್ನು ಏರಿಯ ಮಾತು. ಒಂದು ಕಡೆ ಒಡೆದರೆ ಎಲ್ಲರ ಬೆಳೆಗೂ ಉಪ್ಪು. ಹಾಗಾಗಿ ಎಲ್ಲರೂ ಕೂಡಿಯೇ ಕಾಯಬೇಕು. ನಮ್ಮಲ್ಲಿ ಒಡ್ಡು ಒಡೆದರೆ ಮೇಲಿನ ಹೊಲದವನು ಕೆಳಗಿನವನ ಮುಖ ನೋಡುವುದಿಲ್ಲ. ಕುಮಟಾ ತಾಲೂಕಿನ ಮಾಣಿಕಟ್ಟೆಯಲ್ಲಿ ಕಗ್ಗ ಬೆಳೆದವರ ಬಾಯಿಂದಲೇ ಏರಿ ಕಾಯುವ ಕಟ್ಟುಪಾಡು ಕೇಳಿದರೆ ಅದು ಅಧ್ಯಯನ.

ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ. ಹಕ್ಕಿ, ಮೀನು, ಬಳಚಿಗೆ ಅದರಿಂದ ಒಳ್ಳೆಯದಾಗಲಿ. ಕಗ್ಗ ಬೆಳೆಯುವವನಿಗೆ ಏನಾದೀತು, ನನಗೆ ಅನುಮಾನವೇ.

ಪರಂಪರೆ ಅಂದರೆ ಕಲ್ಲು ಮಾತ್ರ ಅಂತ ತಿಳಿಯುವುದೂ ಬಿಡಬೇಕು. ಮಿರ್ಜಾನದಲ್ಲಿ ಕೆಂಪುಕಲ್ಲಿನ ಗೋಡೆ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತೇವೆ. ಆ ಕೋಟೆಯ ಜೊತೆ ಹೆಸರು ಸೇರಿರುವ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದರು. ಮೆಣಸು ಬೆಳೆದವರು ಯಾರು? ಘಟ್ಟದ ತೋಟಿಗರು. ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಕರನಿರಾಕರಣೆ ಮಾಡಿ ಆ ಭಾಗದ ರೈತರು ಹೊಲ-ಮನೆ ಕಳಕೊಂಡರು. ನಮ್ಮ ಗಾಡಿ ಅಂಕೋಲೆಯಲ್ಲಿ ನಿಲ್ಲುವುದು ಚಹಾಕ್ಕೆ ಮಾತ್ರ.

ಹೊತ್ತು ನೋಡಿ ಹೋಗಬೇಕು. ಬೇಸಿಗೆಯಲ್ಲಿ ಹೋದರೆ ಗಜನಿಯಲ್ಲಿ ಭತ್ತ ಇರುವುದಿಲ್ಲ. ಆದರೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುವುದು ರಸ್ತೆಯಿಂದಲೇ ಕಾಣುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಕುಮಟಾ ಕಡೆ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ. ಉಳ್ಳಾಗಡ್ಡಿ ಬೆಳೆಯೋ ನಮ್ಮವರು ಅಲ್ಲಿ ಹತ್ತು ನಿಮಿಷ ನಿಲ್ಲಲೇಬೇಕು. ನಾವು ಚೀಲ ತುಂಬಿ, ಯಾವುದೋ ಮಾರ್ಕೆಟ್ಟಿನಲ್ಲಿ ಸುರಿದು, ದಲಾಲಿ ಹೇಳಿದ ರೇಟಿಗೆ ತಲೆಯಾಡಿಸಿ ಬರುತ್ತೇವೆ. ಅವರು ಬೆಳೆದ ಊರಿನ ಹೆಸರು ಹೇಳಿಕೊಂಡು, ಕಟ್ಟಿನ ಲೆಕ್ಕದಲ್ಲಿ, ತಿನ್ನುವವನ ಕೈಗೇ ಮಾರುತ್ತಾರೆ. ಅಲ್ಲಿ ನಿಂತು ಚೌಕಾಸಿ ಮಾಡಬೇಡಿ ಮಾತ್ರ. ಓಂ ಬೀಚಿನಲ್ಲಿ ಎಳನೀರಿಗೆ ಕೇಳಿದಷ್ಟು ಕೊಟ್ಟು ಬಂದು ಬೆಳೆದವಳ ಹತ್ತಿರ ಐದು ರೂಪಾಯಿಗೆ ಜಗಳಾಡುವುದನ್ನು ನಾನು ಬಹಳ ನೋಡಿದ್ದೇನೆ.

ನೀರಿನ ಬಗ್ಗೆ ಒಂದು ಮಾತು. ಬಾವಿಯಲ್ಲಿ ಈಜಿದ ಹುಡುಗರಿಗೆ ಸಮುದ್ರವೂ ಅಷ್ಟೇ ಅನ್ನಿಸುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ತೆರೆಗೆ ಸಿಕ್ಕಿ ಸತ್ತರು. ದಂಡೆಯ ಕಾವಲಿನವರು ಬೇಡ ಅಂದಲ್ಲಿ ಇಳಿಯಲೇ ಬಾರದು.

ಕಗ್ಗದ ತೆನೆ ನೋಡಬೇಕಾದರೆ ದಸರಾ ರಜೆಯೇ ಸರಿಯಾದ ಹೊತ್ತು. ಮುಂಚೆಯೇ ಅಲ್ಲಿನ ಬೆಳೆಗಾರರಿಗೆ ತಿಳಿಸಿ, ಅವರ ಅರ್ಧ ದಿನದ ಕೂಲಿ ಲೆಕ್ಕ ಹಾಕಿ ಕೊಡಬೇಕು. ಬರೀ ಕೈಯಲ್ಲಿ ಹೋಗಿ ಅವರ ಕೆಲಸ ಕೆಡಿಸಬಾರದು. ಬರುವಾಗ ಎರಡೆರಡು ಕಿಲೋ ಕಗ್ಗದ ಅಕ್ಕಿ ತಂದರೆ ಇನ್ನೂ ಒಳ್ಳೆಯದು. ಗಾಡಿ ಗೊತ್ತು ಮಾಡುವಾಗಲೇ ಡ್ರೈವರನಿಗೆ ಸಾಣಿಕಟ್ಟೆ, ಮಾಣಿಕಟ್ಟೆ ಎರಡೂ ಹೆಸರು ಹೇಳಿಡಿ. ಆಮೇಲೆ ಹೇಳಿದರೆ 'ಅದು ನಮ್ಮ ರೂಟಿನಾಗಿಲ್ಲ' ಅಂತಾನೆ.